ಗಣಕವಿಜ್ಞಾನಿ ಡೈಕ್‌ಸ್ಟ್ರಾ

ಬೆಂಗಳೂರಿನ ಉತ್ತರ ಭಾಗದಲ್ಲಿರುವ ಮತ್ತಿಕೆರೆಯ ಮಗ್ಗುಲಲ್ಲಿಯೇ ಯಶವಂತಪುರದ ರೈಲು ನಿಲ್ದಾಣವಿದೆ. ತುಮಕೂರಿನ ಕಡೆಗೂ ಯಲಹಂಕದ ಕಡೆಗೂ ನಗರದ ಕಡೆಗೂ ಹೋಗುವ ಹಳಿಗಳು ಅಲ್ಲಿ ಕೂಡುತ್ತವೆ. ಬಣ್ಣದ ದೀಪಗಳ ಸಂಕೇತಗಳು ಬರುವುದಕ್ಕೆ ಮುಂಚೆ ನಮ್ಮ ನಾಡಿನ ರೈಲು ನಿಲ್ದಾಣಗಳ ಹೊರಗೆ ಎತ್ತರವಾದ ಕಂಬವೂ, ಅದರ ತುದಿಯಲ್ಲಿ ಚಾಚಿದ ತೋಳಿನಂತಹ ಹಲಗೆಯೂ ಇರುತ್ತಿದ್ದವು. ಜನರು ಅದನ್ನು ಕೈಮರವೆಂದು ಕರೆಯುತ್ತಿದ್ದರು. ತೋಳು ಅಡ್ಡವಾಗಿ ಚಾಚಿಕೊಂಡಿದ್ದರೆ ಬಂಡಿ ನಿಲ್ಲಬೇಕು. ಓರೆಯಾದರೆ ಮುಂದೆ ಸಾಗಬಹುದು. ಎರಡು ಊರುಗಳ ನಡುವೆ ಇರುವುದು ಒಂದೇ ಹಳಿಯಾದಾಗ, ಅದರ ಮೇಲೆ ಒಂದು ಬಂಡಿ ಇರುವವರೆಗೆ ಮತ್ತೊಂದು ಬಂಡಿ ಕಾಯಲೇಬೇಕು. ಎಷ್ಟೇ ಅವಸರವಿದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಕಣ್ಣಿಗೆ ಕಾಣದ ವೇಗದಲ್ಲಿ ನಡೆಯುವ ಗಣಕಯಂತ್ರದ ಕೆಲಸಗಳಿಗೂ ಇಂತಹುದೇ ಒಂದು ಕೈಮರ ಬೇಕೆಂದು ಕಂಡುಕೊಂಡು, ಅದಕ್ಕೆ ಸೆಮಫೋರ್ ಎಂದು ರೈಲಿನ ಹೆಸರನ್ನೇ ಇಟ್ಟವರು ಹಾಲೆಂಡ್ ದೇಶದ ಎಡ್ಸ್‌ಗರ್ ವೈಬ್ ಡೈಕ್‌ಸ್ಟ್ರಾ. ಮತ್ತಿಕೆರೆಯ ಆಸುಪಾಸಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಈ ಹೆಸರನ್ನು ಕೇಳದೆ ಪದವಿಯನ್ನು ಮುಗಿಸುವುದಿಲ್ಲ.

ಡೈಕ್‌ಸ್ಟ್ರಾ ಅವರು 1930ನೆಯ ಇಸವಿ ಮೇ 11ರಂದು ರಾಟರ್‌ಡ್ಯಾಮ್ ನಗರದಲ್ಲಿ ಜನಿಸಿದರು. ತಂದೆ ರಸಾಯನಶಾಸ್ತ್ರದ ಅಧ್ಯಾಪಕರು; ಹಾಲೆಂಡಿನ ರಸಾಯನಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷರಾಗಿದ್ದವರು. ತಾಯಿ ಗಣಿತವನ್ನು ಬಲ್ಲವರಾಗಿದ್ದರೂ ಯಾವ ಉದ್ಯೋಗಕ್ಕೂ ಸೇರಿದವರಲ್ಲ. ಬಾಲಕನಿಗೆ ಹತ್ತು ವರ್ಷ ತುಂಬಿ ಮೂರೇ ದಿನಗಳಾಗಿದ್ದಾಗ, 1940ರ ಮೇ 14ರಂದು, ಜರ್ಮನಿಯ ವಿಮಾನಗಳು ರಾಟರ್‌ಡ್ಯಾಮ್ ನಗರದ ಮೇಲೆ ಬಾಂಬುಗಳನ್ನು ಸುರಿಸಿ ಅದರ ಹೃದಯಭಾಗವನ್ನೇ ಸುಟ್ಟು ಬೂದಿ ಮಾಡಿದವು. ಅನಂತರದ ಐದು ವರ್ಷಗಳು ಪರರ ಆಳ್ವಿಕೆಯಲ್ಲಿಯೂ ಕೊರತೆಯಲ್ಲಿಯೂ ಕಳೆದವು. ಹುಡುಗನಿಗೆ ಮೊದಲು ನ್ಯಾಯಶಾಸ್ತ್ರವನ್ನು ಓದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶವನ್ನು ಪ್ರತಿನಿಧಿಸಬೇಕೆಂಬ ಆಸೆ ಇದ್ದಿತು. ಆದರೆ ಶಾಲೆಯಲ್ಲಿ ಗಣಿತ ವಿಜ್ಞಾನಗಳಲ್ಲಿ ಗಳಿಸಿದ ಅಂಕಗಳನ್ನು ಕಂಡ ಹಿರಿಯರು ಅವನನ್ನು ಬೇರೆ ದಾರಿಗೆ ತಿರುಗಿಸಿದರು. 1948ರಲ್ಲಿ ಅವರು ಲೈಡನ್ ವಿಶ್ವವಿದ್ಯಾನಿಲಯವನ್ನು ಸೇರಿ ಗಣಿತವನ್ನೂ ಭೌತಶಾಸ್ತ್ರವನ್ನೂ ಅಭ್ಯಾಸ ಮಾಡತೊಡಗಿದರು.

ಅವರ ಬಾಳು ತಿರುಗಿದ್ದು 1951ರಲ್ಲಿ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗಣಕಯಂತ್ರಕ್ಕೆ ಆದೇಶಗಳನ್ನು ಬರೆಯುವ ವಿದ್ಯೆಯನ್ನು ಮೂರು ವಾರಗಳ ಕಾಲ ಕಲಿಸುತ್ತಾರೆಂಬ ಪ್ರಕಟಣೆಯನ್ನು ನೋಡಿದ ತಂದೆ ಮಗನನ್ನು ಅಲ್ಲಿಗೆ ಕಳುಹಿಸಿದರು. ಹೀಗೆ ಬರೆದ ಆದೇಶಗಳ ಮಾಲೆಗೆ ಪ್ರೋಗ್ರಾಮು ಎಂದು ಹೆಸರು. ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ನಡೆಸುತ್ತಿದ್ದ ಆ ತರಗತಿಯಿಂದ ಮರಳಿದ ತರುಣನಿಗೆ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ಕೆಲಸ ದೊರೆಯಿತು. 1952ರ ಮಾರ್ಚ್ ತಿಂಗಳಲ್ಲಿ ಅವರು ಅಲ್ಲಿ ಪ್ರೋಗ್ರಾಮು ಬರೆಯುವವರಾಗಿ ಸೇರಿದರು. ಕೆಲವು ವರ್ಷ ಅವರ ಮನಸ್ಸು ಡೋಲಾಯಮಾನವಾಗಿತ್ತು. ಭೌತಶಾಸ್ತ್ರ ಗೌರವದ ವಿದ್ಯೆ. ಪ್ರೋಗ್ರಾಮು ಬರೆಯುವುದಾದರೋ ಆಗ ಒಂದು ವಿದ್ಯೆಯೆಂದೇ ಎಣಿಸಲ್ಪಟ್ಟಿರಲಿಲ್ಲ. ಕೇಂದ್ರದ ಹಿರಿಯರಾದ ವಾನ್ ವೈನ್‌ಗಾರ್ಡನ್ ಅವರೊಡನೆ ಅವರು ತಮ್ಮ ಸಂಕಟವನ್ನು ತೋಡಿಕೊಂಡರು. ಈ ಕೆಲಸವನ್ನು ಒಂದು ಶಾಸ್ತ್ರವನ್ನಾಗಿ ಮಾಡುವವರಲ್ಲಿ ನೀನೇಕೆ ಒಬ್ಬನಾಗಬಾರದು ಎಂಬ ಅರ್ಥದ ಮಾತನ್ನು ಆ ಹಿರಿಯರು ಆಡಿದರು. ಡೈಕ್‌ಸ್ಟ್ರಾ ತಮ್ಮ ದಾರಿಯನ್ನು ನಿಶ್ಚಯಿಸಿಕೊಂಡರು.

1957ರಲ್ಲಿ ಅವರ ವಿವಾಹ ಮರಿಯಾ ಡೆಬೆಟ್ಸ್ ಎಂಬುವರೊಡನೆ ನಡೆಯಿತು. ವಿವಾಹದ ದಾಖಲೆಯಲ್ಲಿ ವರನ ವೃತ್ತಿಯನ್ನು ಬರೆಯಬೇಕಾದಾಗ ಅವರು ಪ್ರೋಗ್ರಾಮರ್ ಎಂದರು. ಅಂತಹ ವೃತ್ತಿಯೇ ಇಲ್ಲವೆಂದು ನಗರದ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಭೌತಶಾಸ್ತ್ರಜ್ಞರೆಂದೇ ದಾಖಲಾಯಿತು. ಇಂದು ಬೆಂಗಳೂರಿನಲ್ಲಿ ಆ ವೃತ್ತಿಯ ಜನ ಲಕ್ಷಗಟ್ಟಲೆ ಇರುವುದನ್ನು ನೋಡುವವರಿಗೆ ಈ ಸಂಗತಿ ವಿನೋದವಾಗಿ ತೋರೀತು.

ಇದಕ್ಕೆ ಒಂದು ವರ್ಷ ಮೊದಲು ನಡೆದ ಘಟನೆಯೊಂದನ್ನು ಇಲ್ಲಿ ಹೇಳಬೇಕು. ಭಾವೀ ಪತ್ನಿಯೊಡನೆ ಪೇಟೆ ಸುತ್ತಿ ದಣಿದ ಡೈಕ್‌ಸ್ಟ್ರಾ ಕಾಫಿ ಅಂಗಡಿಯೊಂದರ ಜಗಲಿಯಲ್ಲಿ ಕುಳಿತಿದ್ದರು. ಒಂದು ಊರಿನಿಂದ ಇನ್ನೊಂದು ಊರಿಗೆ ಅತ್ಯಂತ ಹತ್ತಿರದ ದಾರಿಯನ್ನು ಯಂತ್ರ ಹುಡುಕುವುದು ಹೇಗೆ ಎಂಬ ಪ್ರಶ್ನೆ ಅವರ ತಲೆಯಲ್ಲಿತ್ತು. ಕಾಗದ ಪೆನ್ಸಿಲುಗಳ ನೆರವಿಲ್ಲದೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅವರಿಗೆ ಉತ್ತರ ಹೊಳೆಯಿತು. ಹಾಲೆಂಡಿನ 64 ಊರುಗಳ ನಕ್ಷೆಯನ್ನು ಆರ್ಮಾಕ್ ಎಂಬ ಗಣಕಯಂತ್ರಕ್ಕೆ ಒದಗಿಸಿ ಜನರೆದುರು ಅದನ್ನು ಪ್ರದರ್ಶಿಸಿದರು. 1959ರಲ್ಲಿ ಅಚ್ಚಾದ ಆ ವಿಧಾನಕ್ಕೆ ಅವರ ಹೆಸರೇ ನಿಂತಿದೆ. ಮತ್ತಿಕೆರೆಯಿಂದ ಹೆಬ್ಬಾಳಕ್ಕೆ ಬಿ.ಇ.ಎಲ್. ವೃತ್ತದ ಮೇಲೆ ಹೋಗುವುದು ಮೇಲೋ ಮೇಖ್ರಿ ವೃತ್ತದ ಮೇಲೆ ಹೋಗುವುದು ಮೇಲೋ ಎಂದು ಲೆಕ್ಕ ಹಾಕುವ ಯಂತ್ರಗಳ ಮೂಲದಲ್ಲಿ ಇರುವುದು ಇಂತಹ ವಿಧಾನವೇ.

ಜನಪ್ರಿಯತೆ ತಂದುಕೊಟ್ಟದ್ದು ಈ ದಾರಿಯ ಲೆಕ್ಕವಾದರೂ ಅವರ ನಿದ್ದೆಗೆಡಿಸಿದ್ದು ಬೇರೆಯ ಸಮಸ್ಯೆ. 1957ರ ಹೊತ್ತಿಗೆ ಅವರ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬ ಇಬ್ಬರು ಎಕ್ಸ್-1 ಎಂಬ ಹೊಸ ಯಂತ್ರವನ್ನು ರೂಪಿಸುತ್ತಿದ್ದರು. ಗಣಕಯಂತ್ರದ ಲೆಕ್ಕದ ವೇಗ ಅಪಾರ. ಅದಕ್ಕೆ ಅಂಟಿಕೊಂಡ ಟೈಪುಯಂತ್ರ ಮೊದಲಾದವುಗಳ ನಡಿಗೆ ಬಹಳ ನಿಧಾನ. ಅವು ಮುಗಿಸುವವರೆಗೆ ಯಂತ್ರ ಸುಮ್ಮನೆ ಕುಳಿತಿರುವುದು ನಷ್ಟವಲ್ಲವೆ? ಆದ್ದರಿಂದ ಯಂತ್ರ ತನ್ನ ಲೆಕ್ಕದಲ್ಲಿ ತೊಡಗಿರಲಿ, ಟೈಪುಯಂತ್ರ ತನ್ನ ಕೆಲಸ ಮುಗಿದಾಗ ಯಂತ್ರವನ್ನು ನಡುವೆ ತಡೆದು ಕರೆಯಲಿ ಎಂದು ಅವರು ಯೋಜಿಸಿದರು. ಇದನ್ನು ಕೇಳಿದ ಡೈಕ್‌ಸ್ಟ್ರಾ ಅವರಿಗೆ ಸಂತೋಷಕ್ಕೆ ಬದಲಾಗಿ ಭಯವಾಯಿತು. ಕರೆ ಯಾವ ಕ್ಷಣದಲ್ಲಿ ಬರುವುದೋ ಹೇಳುವಂತಿಲ್ಲ. ಒಂದು ದಿನ ಕಂಡ ತಪ್ಪು ಮರುದಿನ ಅದೇ ಪ್ರೋಗ್ರಾಮನ್ನು ನಡೆಸಿದಾಗ ಕಾಣದೆ ಹೋಗಬಹುದು. ಮತ್ತೆ ಕಾಣಿಸದ ತಪ್ಪನ್ನು ಹುಡುಕಿ ತಿದ್ದುವುದೆಂತು? ತಿಂಗಳುಗಟ್ಟಲೆ ಅವರು ಹಿಂದೆಮುಂದೆ ನೋಡಿದರು. ಆಮೇಲೆ ಒಪ್ಪಿಕೊಂಡು, ಅದನ್ನೇ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡು, 1959ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಹೆದರಿಕೆಯೇ ಇಲ್ಲದವರು ಈ ಸಮಸ್ಯೆಯ ಆಳವನ್ನು ಕಾಣುತ್ತಿದ್ದರೋ ಇಲ್ಲವೋ ಸಂದೇಹ.

ಸಮಸ್ಯೆ ಏನೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಸಹಕಾರ ಸಂಘವೊಂದರಲ್ಲಿ ಒಬ್ಬ ಸದಸ್ಯನ ಲೆಕ್ಕದಲ್ಲಿ 500 ರೂಪಾಯಿಗಳಿವೆ ಎನ್ನೋಣ. ಇಬ್ಬರು ಗುಮಾಸ್ತರು ಏಕಕಾಲದಲ್ಲಿ ಆ ಲೆಕ್ಕದ ಪುಟವನ್ನು ನೋಡುತ್ತಾರೆ. ಒಬ್ಬನು 100 ರೂಪಾಯಿ ಜಮಾ ಮಾಡಬೇಕು, ಇನ್ನೊಬ್ಬನು 200. ಇಬ್ಬರೂ 500 ಎಂದು ಓದಿಕೊಂಡು ತಮ್ಮ ತಮ್ಮ ಮೇಜಿಗೆ ಹೋಗಿ ಕೂಡುತ್ತಾರೆ. ಮೊದಲನೆಯವನು ಬಂದು 600 ಎಂದು ಬರೆದು ಹೋಗುತ್ತಾನೆ. ಎರಡನೆಯವನು ಬಂದು ಅದನ್ನು ಹೊಡೆದುಹಾಕಿ 700 ಎಂದು ಬರೆಯುತ್ತಾನೆ. ಇರಬೇಕಾದದ್ದು 800. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೂಡಿಕೆಯೂ ಸರಿ. ಆದರೂ ನೂರು ರೂಪಾಯಿ ಮಾಯವಾಯಿತು. ಅವರಲ್ಲಿ ಒಬ್ಬನು ಕೊಂಚ ತಡವಾಗಿ ಬಂದಿದ್ದರೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಗಣಕಯಂತ್ರದಲ್ಲಿ ಏಕಕಾಲಕ್ಕೆ ಸಾಗುವ ಇಂತಹ ಕೆಲಸಗಳಿಗೆ ಈಗ ಥ್ರೆಡ್ ಎನ್ನುತ್ತಾರೆ. ಎಳೆ ಎಂದು ಅದರ ಅರ್ಥ. ಎಳೆಗಳು ಗೋಜಲಾಗದಂತೆ ನೋಡಿಕೊಳ್ಳುವುದೇ ಕಷ್ಟ.

1962ರಲ್ಲಿ ಡೈಕ್‌ಸ್ಟ್ರಾ ಐಂಡ್‌ಹೋವನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. 1965ರಲ್ಲಿ ಒಂದೇ ಪುಟದ ಲೇಖನವೊಂದನ್ನು ಪ್ರಕಟಿಸಿದರು. ಎಷ್ಟೇ ಎಳೆಗಳಿರಲಿ, ಹಂಚಿಕೊಂಡ ವಸ್ತುವನ್ನು ಒಂದು ಹೊತ್ತಿನಲ್ಲಿ ಒಂದೇ ಎಳೆ ಮುಟ್ಟುವಂತೆ ಮಾಡಬಹುದೆಂದು ಅದರಲ್ಲಿ ತೋರಿಸಿ, ಅದು ಸರಿಯೆಂದು ತರ್ಕದಿಂದ ಸಾಧಿಸಿದರು. ಎರಡೇ ಎಳೆಗಳಿದ್ದಾಗ ಇದನ್ನು ಬಿಡಿಸುವ ಬಗೆಯನ್ನು ಡೆಕ್ಕರ್ ಎಂಬ ಗಣಿತಜ್ಞರು ಮೊದಲೇ ಕಂಡಿದ್ದರು. ಸೆಮಫೋರ್ ಎಂಬ ಉಪಾಯವು ಇನ್ನೂ ಸರಳವಾದದ್ದು. ಅದು ಯಂತ್ರದೊಳಗಿನ ಒಂದು ಸಂಖ್ಯೆ ಮಾತ್ರ. ಸಂಖ್ಯೆ ಒಂದಾಗಿದ್ದರೆ ಹಳಿ ತೆರವಾಗಿದೆ ಎಂದರ್ಥ. ಬಂದ ಎಳೆ ಅದನ್ನು ಸೊನ್ನೆ ಮಾಡಿ ಒಳಗೆ ಹೋಗುತ್ತದೆ. ಸೊನ್ನೆಯಾಗಿದ್ದರೆ ಬಂದವರು ನಿಂತು ಕಾಯಬೇಕು. ಒಳಗಿದ್ದವರು ಹೊರಬರುವಾಗ ಕೈಮರವನ್ನು ಮೊದಲಿನಂತೆ ಮಾಡಿ, ಕಾದವರಲ್ಲಿ ಒಬ್ಬರಿಗೆ ದಾರಿ ಬಿಡುತ್ತಾರೆ. ನೋಡುವುದೂ ಇಳಿಸುವುದೂ ಬಿಡಿಸಲಾಗದ ಒಂದೇ ಕ್ರಿಯೆಯಾಗಿರಬೇಕು. ನಡುವೆ ಇನ್ನೊಬ್ಬರು ನುಸುಳುವಂತಿಲ್ಲ. ಈ ಎರಡು ಕ್ರಿಯೆಗಳಿಗೆ ಅವರು ಕೊಟ್ಟ ಪಿ ಮತ್ತು ವಿ ಎಂಬ ಹೆಸರುಗಳು ಡಚ್ ಭಾಷೆಯ ಪದಗಳ ಮೊದಲ ಅಕ್ಷರಗಳು. ಆ ಭಾಷೆಯ ಗಂಧವಿಲ್ಲದ ನಮ್ಮ ವಿದ್ಯಾರ್ಥಿಗಳೂ ಅವನ್ನು ಹಾಗೆಯೇ ಕಲಿಯುತ್ತಾರೆ.

ಕಾಯುವುದರಲ್ಲಿಯೂ ಒಂದು ಅಪಾಯವಿದೆಯೆಂದು ಡೈಕ್‌ಸ್ಟ್ರಾ ಬಲ್ಲವರಾಗಿದ್ದರು. ಅದೇ 1965ರ ಸುಮಾರಿನಲ್ಲಿ ಅವರು ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಕೊಟ್ಟರು. ಮುಂದೆ ಟೋನಿ ಹೋರ್ ಎಂಬ ಇಂಗ್ಲಿಷ್ ವಿಜ್ಞಾನಿ ಅದಕ್ಕೆ ಕಥೆಯ ರೂಪ ಕೊಟ್ಟರು. ದುಂಡುಮೇಜಿನ ಸುತ್ತ ಐವರು ತತ್ತ್ವಜ್ಞಾನಿಗಳು ಊಟಕ್ಕೆ ಕುಳಿತಿದ್ದಾರೆ. ಇಬ್ಬಿಬ್ಬರ ನಡುವೆ ಒಂದೊಂದರಂತೆ ಐದೇ ಫೋರ್ಕುಗಳಿವೆ. ಉಣ್ಣಲು ಪ್ರತಿಯೊಬ್ಬನಿಗೂ ಎರಡು ಬೇಕು. ಎಲ್ಲರೂ ಒಮ್ಮೆಗೇ ಎಡಗಡೆಯದನ್ನು ಎತ್ತಿಕೊಂಡು ಬಲಗಡೆಯದಕ್ಕಾಗಿ ಕಾದರೆ ಯಾರೂ ಬಿಡುವುದಿಲ್ಲ, ಯಾರಿಗೂ ಸಿಗುವುದಿಲ್ಲ. ಎದುರಿಗೆ ಅನ್ನವಿದ್ದೂ ಐವರೂ ಹಸಿದೇ ಇರುತ್ತಾರೆ. ಗಣಕಯಂತ್ರದ ಪರದೆ ಕೆಲವೊಮ್ಮೆ ಎಷ್ಟು ಒತ್ತಿದರೂ ಅಲುಗಾಡದೆ ಮರಗಟ್ಟಿ ನಿಲ್ಲುವುದನ್ನು ಎಲ್ಲರೂ ನೋಡಿದ್ದಾರೆ. ಅದಕ್ಕೆ ಕಾರಣಗಳು ಹಲವು. ಈ ತತ್ತ್ವಜ್ಞಾನಿಗಳ ಉಪವಾಸ ಅವುಗಳಲ್ಲೊಂದು.

ಚಿತ್ರಗಳೂ ಗುಂಡಿಗಳೂ ತುಂಬಿದ ಇಂದಿನ ಪರದೆಗಳು ಡೈಕ್‌ಸ್ಟ್ರಾ ಅವರ ಈ ಬರಹಗಳ ಕಾಲದಲ್ಲಿ ಬಳಕೆಗೆ ಬಂದಿರಲಿಲ್ಲ. ಆದರೆ ಅವುಗಳನ್ನು ಕಟ್ಟುವವರು ಎದುರಿಸುವ ತೊಡಕು ಅವರು ಕಂಡ ತೊಡಕೇ. ಒಂದು ಎಳೆ ಪರದೆಯ ಮೇಲೆ ಅಕ್ಷರ ಬರೆಯುತ್ತಿರುವಾಗ ಇನ್ನೊಂದು ಎಳೆ ಅದೇ ಜಾಗವನ್ನು ಅಳಿಸಿದರೆ ಪರದೆ ಕೆಡುತ್ತದೆ. ಪ್ರತಿ ಗುಂಡಿಗೂ ಒಂದೊಂದು ಕೈಮರ ನೆಟ್ಟರೆ ಉಪವಾಸದ ಕಥೆ ಮರುಕಳಿಸುತ್ತದೆ. ಆದ್ದರಿಂದ ಪರದೆಯನ್ನು ರೂಪಿಸುವ ಸಲಕರಣೆಗಳಲ್ಲಿ ಬಹುಪಾಲು ಒಂದು ಕಟ್ಟುನಿಟ್ಟನ್ನು ಅನುಸರಿಸುತ್ತವೆ. ಪರದೆಯನ್ನು ಮುಟ್ಟುವ ಅಧಿಕಾರ ಒಂದೇ ಒಂದು ಎಳೆಗೆ. ಉಳಿದ ಎಳೆಗಳು ತಮಗೆ ಬೇಕಾದುದನ್ನು ಚೀಟಿಯಲ್ಲಿ ಬರೆದಂತೆ ಸಾಲಿನಲ್ಲಿ ಇಟ್ಟು ತಮ್ಮ ಕೆಲಸಕ್ಕೆ ಮರಳಬೇಕು. ಅಧಿಕಾರವುಳ್ಳ ಎಳೆ ಚೀಟಿಗಳನ್ನು ಒಂದೊಂದಾಗಿ ತೆಗೆದು ಪರದೆಯ ಮೇಲೆ ಮೂಡಿಸುತ್ತದೆ. ಸಹಕಾರ ಸಂಘದಲ್ಲಿ ಲೆಕ್ಕದ ಪುಸ್ತಕವನ್ನು ಒಬ್ಬನೇ ಗುಮಾಸ್ತನ ಕೈಗೆ ಒಪ್ಪಿಸಿದಂತಾಯಿತು. ಆ ಗುಮಾಸ್ತ ದೀರ್ಘವಾದ ಬೇರೆ ಕೆಲಸವನ್ನು ಹಚ್ಚಿಕೊಂಡು ಕುಳಿತರೆ ಮಾತ್ರ ಎಲ್ಲರೂ ಕಾಯಬೇಕಾಗುತ್ತದೆ. ಆದ್ದರಿಂದ ಹೊತ್ತು ಹಿಡಿಯುವ ಲೆಕ್ಕಗಳನ್ನು ಅವನ ಮೇಲೆ ಹೊರಿಸಬಾರದು.

ಏಕಕಾಲದ ಕೆಲಸಗಳಿಗೂ ಪರದೆಗೂ ಹೊಂದಿಕೆ ತಪ್ಪಿದರೆ ಏನಾದೀತು ಎಂಬುದಕ್ಕೆ ಒಂದು ಘೋರ ನಿದರ್ಶನವಿದೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಥೆರಾಕ್-25 ಎಂಬ ಯಂತ್ರ ಕೆನಡಾ ದೇಶದಲ್ಲಿ ತಯಾರಾಗಿತ್ತು. ಸಿಬ್ಬಂದಿ ಪರದೆಯ ಮುಂದೆ ಕುಳಿತು ಚಿಕಿತ್ಸೆಯ ವಿವರಗಳನ್ನು ಟೈಪು ಮಾಡುತ್ತಿದ್ದರು. ಪ್ರೋಗ್ರಾಮಿನ ಬೇರೊಂದು ಭಾಗ ಅದಕ್ಕೆ ತಕ್ಕಂತೆ ಯಂತ್ರವನ್ನು ಸಜ್ಜುಗೊಳಿಸುತ್ತಿತ್ತು. ಹಾಗೆ ಸಜ್ಜುಗೊಳಿಸಲು ಸುಮಾರು 8 ಸೆಕೆಂಡು ಬೇಕಾಗುತ್ತಿತ್ತು. ಅಷ್ಟರೊಳಗೆ ಟೈಪು ಮಾಡುವವರು ತಪ್ಪನ್ನು ತಿದ್ದಿದರೆ ಪರದೆಯ ಮೇಲೆ ತಿದ್ದಿದ ವಿವರ ಕಾಣುತ್ತಿತ್ತು. ಯಂತ್ರದ ಒಳಭಾಗಕ್ಕೆ ಮಾತ್ರ ಅದು ಪೂರ್ತಿಯಾಗಿ ತಲಪುತ್ತಿರಲಿಲ್ಲ. ಹೊಸತರಲ್ಲಿ ನಿಧಾನವಾಗಿ ಟೈಪು ಮಾಡುತ್ತಿದ್ದವರಿಗೆ ಏನೂ ಆಗಲಿಲ್ಲ. ಕೈ ಪಳಗಿ ವೇಗ ಬಂದಾಗ ಅನಾಹುತ ಸಂಭವಿಸಿತು. 1986ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ಇಬ್ಬರು ರೋಗಿಗಳಿಗೆ ಇದೇ ಕಾರಣದಿಂದ ಮಿತಿಮೀರಿದ ವಿಕಿರಣ ತಗುಲಿ ಇಬ್ಬರೂ ಮೃತಪಟ್ಟರು. 1985ರಿಂದ 1987ರವರೆಗೆ ಅಂತಹ ಯಂತ್ರಗಳಿಂದ ಆರು ಅಪಘಾತಗಳಾದವು. ಅವುಗಳಲ್ಲೆಲ್ಲ ಕಾರಣ ಇದೊಂದೇ ಆಗಿರಲಿಲ್ಲವಾದರೂ ಪ್ರೋಗ್ರಾಮಿನ ಎಳೆಗಳು ಹಂಚಿಕೊಂಡ ಸಂಖ್ಯೆಗಳನ್ನು ಕಾವಲಿಲ್ಲದೆ ಮುಟ್ಟುತ್ತಿದ್ದುದು ತನಿಖೆಯಲ್ಲಿ ಬೆಳಕಿಗೆ ಬಂತು. ಪರೀಕ್ಷೆಯಲ್ಲಿ ತಪ್ಪು ಕಾಣದಿದ್ದರೆ ತಪ್ಪೇ ಇಲ್ಲವೆಂದು ನಂಬಬಾರದೆಂದು ಡೈಕ್‌ಸ್ಟ್ರಾ ಎರಡು ದಶಕಗಳಿಂದ ಸಾರುತ್ತಲೇ ಬಂದಿದ್ದರು. ಪ್ರೋಗ್ರಾಮನ್ನು ಬರೆಯುವಾಗಲೇ ಅದು ಸರಿಯೆಂಬುದಕ್ಕೆ ಗಣಿತದಂತೆ ಸಾಧನೆಯನ್ನೂ ಕೊಡಬೇಕು ಎಂಬುದು ಅವರ ಹಟ.

ಈ ಹಟವನ್ನು ಅವರು ಸ್ವತಃ ಆಚರಿಸಿ ತೋರಿಸಿದ್ದರು. ಐಂಡ್‌ಹೋವನ್‌ನಲ್ಲಿ ಕೆಲವೇ ಸಹಾಯಕರೊಡನೆ ಅವರು ಗಣಕಯಂತ್ರವೊಂದರ ಆಡಳಿತ ವ್ಯವಸ್ಥೆಯನ್ನು ಪದರ ಪದರವಾಗಿ ಕಟ್ಟಿದರು. ಕೆಳಗಿನ ಪದರ ಸರಿಯೆಂದು ನಿಶ್ಚಯವಾಗದೆ ಮೇಲಿನ ಪದರಕ್ಕೆ ಕೈಹಾಕುತ್ತಿರಲಿಲ್ಲ. 1968ರಲ್ಲಿ ಅದರ ವಿವರ ಪ್ರಕಟವಾದಾಗ, ಪರೀಕ್ಷೆಯಲ್ಲಿ ಸಿಕ್ಕಿದ್ದು ಬರವಣಿಗೆಯ ಸಣ್ಣಪುಟ್ಟ ತಪ್ಪುಗಳು ಮಾತ್ರವೆಂದು ತಿಳಿದು ವಿದ್ವಾಂಸರು ಬೆರಗಾದರು. 1972ರಲ್ಲಿ ಅವರಿಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಮಾನವನ ತಲೆಯ ಮಿತಿಯನ್ನರಿತು ವಿನಯದಿಂದ ಈ ಕೆಲಸಕ್ಕೆ ತೊಡಗಬೇಕೆಂದು ಆ ಸಂದರ್ಭದ ಉಪನ್ಯಾಸದಲ್ಲಿ ಅವರು ವಾದಿಸಿದರು. ವಿನಯವನ್ನು ಬೋಧಿಸಿದ ಅವರ ನಾಲಗೆ ಮಾತ್ರ ಬಲು ಹರಿತ. ಒಪ್ಪದ ಮತವನ್ನೂ ಒಪ್ಪದ ಭಾಷೆಯನ್ನೂ ಅವರು ನಿರ್ದಾಕ್ಷಿಣ್ಯವಾಗಿ ಹಳಿಯುತ್ತಿದ್ದರು. ಅದರಿಂದ ನೊಂದವರೂ ದೂರ ಸರಿದವರೂ ಕಡಿಮೆಯಿಲ್ಲ.

1984ರಲ್ಲಿ ಅವರು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ವಿಶ್ವವಿದ್ಯಾನಿಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿ 1999ರಲ್ಲಿ ನಿವೃತ್ತರಾದರು. ಗಣಕಯಂತ್ರದ ಈ ಆಚಾರ್ಯರು ಬಹುಕಾಲ ಗಣಕಯಂತ್ರವನ್ನೇ ಇಟ್ಟುಕೊಂಡಿರಲಿಲ್ಲವೆಂಬುದು ಸೋಜಿಗ. ಶಾಯಿಯ ಪೆನ್ನಿನಿಂದ ಮುತ್ತಿನಂತಹ ಅಕ್ಷರಗಳಲ್ಲಿ ಬರೆದು, ಪ್ರತಿಗಳನ್ನು ತೆಗೆಸಿ, ಅಂಚೆಯಲ್ಲಿ ಗೆಳೆಯರಿಗೆ ಕಳುಹಿಸುತ್ತಿದ್ದರು. ಪಡೆದವರು ಮತ್ತೆ ಪ್ರತಿ ತೆಗೆದು ತಮ್ಮವರಿಗೆ ಹಂಚುತ್ತಿದ್ದರು. ಪ್ರತಿಯೊಂದು ಬರಹಕ್ಕೂ ತಮ್ಮ ಹೆಸರಿನ ಮೊದಲಕ್ಷರಗಳನ್ನೂ ಕ್ರಮಸಂಖ್ಯೆಯನ್ನೂ ಹಾಕುವುದು ಅವರ ಪದ್ಧತಿ. ಬಿಡುವಿನಲ್ಲಿ ಪಿಯಾನೋ ನುಡಿಸುತ್ತಿದ್ದರು. ಮೊಟ್ಸಾರ್ಟ್‌ನ ಸಂಗೀತವೆಂದರೆ ಅವರಿಗೆ ಪ್ರಾಣ.

ನಿವೃತ್ತಿಯ ಬಳಿಕವೂ ಅವರು ಒಂದು ವ್ಯಾಜ್ಯವನ್ನು ಕೈಬಿಡಲಿಲ್ಲ. ಅವರ ವಿಶ್ವವಿದ್ಯಾನಿಲಯದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುತ್ತಿದ್ದರು. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞನ ಹೆಸರನ್ನು ಹೊತ್ತ ಆ ಭಾಷೆ ಫಂಕ್ಷನಲ್ ಎಂಬ ಪಂಗಡಕ್ಕೆ ಸೇರಿದ್ದು. ಅದರಲ್ಲಿ ಒಮ್ಮೆ ಗೊತ್ತುಮಾಡಿದ ಬೆಲೆ ಬದಲಾಗುವುದಿಲ್ಲ. ಸ್ಲೇಟಿನ ಮೇಲೆ ಬರೆದುದನ್ನು ಯಾರಾದರೂ ಅಳಿಸಬಹುದು. ಅಚ್ಚಾದ ಪುಸ್ತಕವನ್ನು ನೂರು ಜನ ಒಟ್ಟಿಗೆ ಓದಿದರೂ ಅಕ್ಷರ ಕದಲದು. ಹಾಗೆಯೇ ಬದಲಾಗದ ಬೆಲೆಗಳನ್ನು ಎಷ್ಟು ಎಳೆಗಳು ಓದಿದರೂ ಗೊಂದಲವಿಲ್ಲ, ಕಾವಲೂ ಬೇಡ. ಪರದೆಯಾದರೋ ಬದಲಾಗಲೇಬೇಕಾದ ವಸ್ತು. ಆದ್ದರಿಂದ ಆ ಭಾಷೆಯಲ್ಲಿ ಬರೆಯುವವರೂ ಪರದೆಯ ಬಳಿಗೆ ಬಂದಾಗ ಚೀಟಿಯ ಸಾಲಿಗೆ ನಿಲ್ಲಲೇಬೇಕು; ಆದರೆ ಬದಲಾಗುವ ಭಾಗ ಯಾವುದು, ಬದಲಾಗದ ಭಾಗ ಯಾವುದು ಎಂಬುದು ಬರಹದಲ್ಲಿಯೇ ಬೇರೆ ಬೇರೆಯಾಗಿ ಕಾಣುತ್ತದೆ. 2001ರಲ್ಲಿ ಹ್ಯಾಸ್ಕೆಲ್ ಅನ್ನು ತೆಗೆದು, ಉದ್ಯಮಗಳಲ್ಲಿ ಬಳಕೆಯಲ್ಲಿದ್ದ ಜಾವಾ ಭಾಷೆಯನ್ನು ಕಲಿಸುವ ಯೋಚನೆ ಬಂದಾಗ ಎಪ್ಪತ್ತು ದಾಟಿದ ಡೈಕ್‌ಸ್ಟ್ರಾ ವಿಶ್ವವಿದ್ಯಾನಿಲಯದ ಮಂಡಳಿಗೆ ಪತ್ರ ಬರೆದು ಪ್ರತಿಭಟಿಸಿದರು. ಮೊದಲು ಕಲಿತ ಭಾಷೆ ತರುಣರ ಆಲೋಚನೆಯ ರೀತಿಯನ್ನೇ ತಿದ್ದುತ್ತದೆಯೆಂಬುದು ಅವರ ವಾದವಾಗಿತ್ತು.

ಅಷ್ಟರಲ್ಲಿ ಕ್ಯಾನ್ಸರ್ ರೋಗ ಅವರನ್ನು ಹಿಡಿದಿತ್ತು. 2002ರ ಮೊದಲ ಭಾಗದಲ್ಲಿ ಅವರು ಪತ್ನಿಯೊಡನೆ ಹಾಲೆಂಡಿಗೆ ಮರಳಿ, ನ್ಯೂನೆನ್ ಎಂಬ ಹಳ್ಳಿಯ ತಮ್ಮ ಹಳೆಯ ಮನೆಯನ್ನು ಸೇರಿದರು. ಹಾಸಿಗೆ ಹಿಡಿಯುವ ಮುನ್ನ ಅವರು ಕೈಯಾರೆ ಬರೆದ ಕೊನೆಯ ಬರಹದ ಮೇಲೆ 2002ರ ಏಪ್ರಿಲ್ ತಿಂಗಳ ತಾರೀಖಿದೆ. ಅದರ ಕ್ರಮಸಂಖ್ಯೆ 1318. ಆಗಸ್ಟ್ 6ರಂದು ಡೈಕ್‌ಸ್ಟ್ರಾ ನಿಧನರಾದರು. ಅವರ ಬರಹಗಳು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿವೆ. ಮತ್ತಿಕೆರೆಯ ಮನೆಯೊಂದರಲ್ಲಿ ಕುಳಿತ ವಿದ್ಯಾರ್ಥಿಯೂ ಅವುಗಳನ್ನು ಗಣಕಯಂತ್ರದ ಪರದೆಯ ಮೇಲೆ ತರಿಸಿಕೊಂಡು, ಅವರ ದುಂಡು ಅಕ್ಷರಗಳಲ್ಲಿಯೇ ಓದಬಹುದಾಗಿದೆ.